ಅಟ್ಟದ ಮೇಲಿನ ಗಂಟು

ಮಳೆಗಾಲ ಹತ್ತಿರ ಬಂತು. ನರಿಕೊಂಬಿನ ಒಂದು ಮನೆ. ಅತ್ತೆ, ಸೊಸೆ ಸೇರಿ ಅಟ್ಟ ಗುಡಿಸಲು ಹೊರಟರು. ಅತ್ತೆ ಬೀಡಿ ಕಟ್ಟುವವರು. ಓದಲು ಕಲಿತದ್ದು ಈ ವರ್ಷ.

ಅಟ್ಟದಿಂದ ಏನೇನೋ ಇಳಿಯಿತು. ಒಡೆದ ಕೊಡಪಾನ, ತೂತಾದ ಪಾತ್ರೆ, ಹಳೆಯ ಟಯರು, ಖಾಲಿ ಬಾಟಲಿ, ಪ್ಲಾಸ್ಟಿಕ್ ತೊಟ್ಟೆ. ಜೊತೆಗೆ ಹಗ್ಗ ಬಿಗಿದ ಕಾಗದದ ಗಂಟು.

"ತೊಟ್ಟೆಯನ್ನೆಲ್ಲ ಬಚ್ಚಲ ಒಲೆಗೆ ಹಾಕುವ ಅತ್ತೆ. ನೀರೂ ಕಾಯ್ತದೆ" ಎಂದಳು ಸೊಸೆ.

"ಬೇಡ ಮಗಾ. ಆ ಹೊಗೆ ವಿಷ. ಮಗುವಿಗೆ ಮೊದಲೇ ಕೆಮ್ಮು."

"ಟಯರು ಹಿತ್ತಲಿಗೆ ಬಿಸಾಡ್ಲಾ?"

"ಅದೂ ಬೇಡ. ಅದರಲ್ಲಿ ಮಳೆನೀರು ನಿಲ್ತದೆ. ಡೆಂಗಿ ಸೊಳ್ಳೆ ಅಲ್ಲೇ ಮೊಟ್ಟೆ ಇಡ್ತದೆ. 2019ರಲ್ಲಿ ಮಂಗಳೂರಿನಲ್ಲಿ ಎಷ್ಟು ಜನಕ್ಕೆ ಡೆಂಗಿ ಬಂತು, ನೆನಪಿಲ್ವಾ?"

ಅಷ್ಟರಲ್ಲಿ ಗುಜರಿಯವನು ಬಂದ. ಕಾಗದದ ಗಂಟನ್ನು ತಕ್ಕಡಿಗೆ ಎತ್ತಿದ.

"ನಿಲ್ಲು ತಮ್ಮಾ. ಓದದೆ ಕೊಡುವುದಿಲ್ಲ" ಎಂದರು ಅತ್ತೆ.

ಗಂಟು ಬಿಚ್ಚಿದರು. ಹಳೆಯ ಪೇಪರು, ಮದುವೆ ಕಾಗದ, ಮಕ್ಕಳ ಪುಸ್ತಕ. ನಡುವೆ ಹಳದಿಯಾದ ಒಂದು ಹಾಳೆ. ಅತ್ತೆ ಬೆರಳಿಟ್ಟು ಓದಿದರು. "ಭೂ... ನ್ಯಾಯ... ಮಂಡಳಿ." ಕೆಳಗೆ ಮಾವನ ಹೆಸರು! ಅವರ ಕೈ ನಡುಗಿತು.

1974ರಲ್ಲಿ ಭೂಸುಧಾರಣೆ ಕಾನೂನಿಗೆ ತಿದ್ದುಪಡಿ ಬಂತು. ಗೇಣಿ ಮಾಡುತ್ತಿದ್ದವರು ಅರ್ಜಿ ಕೊಟ್ಟರು. ಭೂ ನ್ಯಾಯಮಂಡಳಿ ವಿಚಾರಣೆ ಮಾಡಿ, ಉಳುವವರಿಗೆ ಭೂಮಿಯ ಹಕ್ಕು ಕೊಟ್ಟಿತು. ನಮ್ಮ ಕಡೆ ಅದನ್ನು 'ಡಿಕ್ಲರೇಶನ್' ಎನ್ನುತ್ತಾರೆ. ಇದು ಆ ಆದೇಶದ ಪತ್ರ.

"ಹೋದ ವರ್ಷ ಆಗಿದ್ದರೆ ಇದನ್ನೂ ತೂಕಕ್ಕೆ ಹಾಕ್ತಿದ್ದೆ" ಎಂದರು ಅತ್ತೆ. ಸೊಸೆ ಪತ್ರವನ್ನು ಒರಸಿ ಪೆಟ್ಟಿಗೆಯಲ್ಲಿಟ್ಟಳು.

ಉಳಿದ ಕಾಗದ ತಕ್ಕಡಿ ಏರಿತು. "ಐದು ಕಿಲೋ ಅಕ್ಕಾ" ಎಂದ ಗುಜರಿಯವನು. ಅತ್ತೆ ಮುಳ್ಳು ನೋಡಿದರು. "ಆರು ಕಿಲೋ ಉಂಟಲ್ಲ ತಮ್ಮಾ." ಅವನು ಬಗ್ಗಿ ನೋಡಿದ. "ಹೌದು ಅಕ್ಕಾ, ಆರು." ಕಿಲೋಗೆ 10 ರೂಪಾಯಿ. ಸೊಸೆ ಬರೆದಳು: 6 × 10 = 60. ಪಾತ್ರೆ, ಟಯರು, ಬಾಟಲಿಗಳನ್ನೂ ಅವನೇ ಒಯ್ದ.

ತೊಟ್ಟೆ ಮಾತ್ರ ಅವನಿಗೆ ಬೇಡ. ಅದು ಪಂಚಾಯತಿನ ಕಸದ ಗಾಡಿಗೆ. ಹಲವು ಊರುಗಳಲ್ಲಿ ಸಂಜೀವಿನಿ ಸಂಘದ ಹೆಂಗಸರೇ ಈ ಗಾಡಿ ಓಡಿಸುತ್ತಾರೆ. ಒಣ ಕಸ ವಿಂಗಡಿಸುವ ದೊಡ್ಡ ಘಟಕಗಳಿಗೆ ನಮ್ಮ ಜಿಲ್ಲೆಯಲ್ಲಿ ನಾಲ್ಕು ಜಾಗ ಗೊತ್ತುಮಾಡಿದರು: ತೆಂಕ ಎಡಪದವು, ಕೆದಂಬಾಡಿ, ಉಜಿರೆ ಮತ್ತು ನಮ್ಮ ನರಿಕೊಂಬು. ಇಂಥ ಘಟಕದಲ್ಲಿ ಕಾಗದ, ಪ್ಲಾಸ್ಟಿಕ್ ಬೇರೆ ಮಾಡಿ, ಒತ್ತಿ ಕಟ್ಟು ಕಟ್ಟುತ್ತಾರೆ. ಅದು ಕಾರ್ಖಾನೆಗೆ ಹೋಗುತ್ತದೆ. ಒದ್ದೆ ಕಸ ಬೆರೆತರೆ ಕಾಗದ ಹಾಳು. ಆದ್ದರಿಂದ ಬೇರೆ ಮಾಡುವ ಕೆಲಸ ನಮ್ಮ ಅಡುಗೆಮನೆಯಲ್ಲೇ ಶುರುವಾಗಬೇಕು.

ನೆನಪಿಡೋಣ

• ತರಕಾರಿ ಸಿಪ್ಪೆ, ಉಳಿದ ಅನ್ನ ಗೊಬ್ಬರದ ಗುಂಡಿಗೆ.
• ಹಾಲಿನ ತೊಟ್ಟೆಯನ್ನು ತೊಳೆದು, ಒಣಗಿಸಿ ಇಡಬೇಕು.
• ಒಡೆದ ಗಾಜು, ಬ್ಲೇಡು, ಬ್ಯಾಟರಿಯನ್ನು ಬೇರೆಯಾಗಿ ಕಟ್ಟಿ ಕೊಡಬೇಕು. ಕಸ ಹೆಕ್ಕುವವರ ಕೈಯೂ ನಮ್ಮ ಕೈಯಂತೆಯೇ.
• ತೂಗುವ ಮೊದಲು ಮುಳ್ಳು ಸೊನ್ನೆಯಲ್ಲಿದೆಯೇ ನೋಡಬೇಕು.
• ಯಾವ ಕಾಗದವನ್ನೂ ಓದದೆ ಕೊಡಬಾರದು.

ಅಭ್ಯಾಸ

1. ಅತ್ತೆ ಗಂಟು ಬಿಚ್ಚದಿದ್ದರೆ ಏನಾಗುತ್ತಿತ್ತು?
2. ನಿಮ್ಮ ಮನೆಯ ಮುಖ್ಯ ಪತ್ರಗಳು ಎಲ್ಲಿವೆ? ಪಟ್ಟಿ ಬರೆಯಿರಿ.
3. 4 ಕಿಲೋ ಕಾಗದ, ಕಿಲೋಗೆ 12 ರೂಪಾಯಿ. ಎಷ್ಟು ಹಣ ಬರಬೇಕು?