ವಿದ್ಯಾಕಾಯಕ: ಓದು, ಮನನ, ಬರೆಹ

ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ಸೀಮೆಯ ಎಷ್ಟೋ ಮನೆಗಳಿಂದ ಒಬ್ಬ ಮಗನೋ ಮಗಳೋ ಇಂದು ಮೊತ್ತಮೊದಲಿಗೆ ಕಾಲೇಜಿನ ಮೆಟ್ಟಿಲು ಏರುತ್ತಿರುವುದು ಸಂತೋಷದ ಸಂಗತಿಯು. ಆದರೆ ಹೈಸ್ಕೂಲಿನಲ್ಲಿ ಮುಂದಿದ್ದ ಮಕ್ಕಳು ಕಾಲೇಜಿನ ಮೊದಲ ವರ್ಷದಲ್ಲಿಯೇ ಎದೆಗುಂದುವುದುಂಟು. “ಇವನ ತಲೆಗೆ ಹತ್ತಲಿಲ್ಲ” ಎಂದು ತಂದೆತಾಯಿಗಳು ಓದನ್ನು ಬಿಡಿಸುತ್ತಾರೆ. ಅನೇಕ ಸಲ ಅಲ್ಲಿ ಕೊರತೆಯಾದುದು ಬುದ್ಧಿಯಲ್ಲ, ಓದುವ ಕ್ರಮ. ಕ್ರಮವನ್ನು ಯಾರೂ ಕಲಿಯಬಹುದು.

ಈ ಸೀಮೆಯ ಹಿರಿಯರು ವಿದ್ಯೆಗಾಗಿ ಮಾಡಿದ ತ್ಯಾಗ ಸಾಮಾನ್ಯವಾದುದಲ್ಲ. ಸವದತ್ತಿ ತಾಲೂಕಿನ ಶಿರಸಂಗಿಯ ಲಿಂಗರಾಜ ದೇಸಾಯರು 1906ರಲ್ಲಿ ಲಿಂಗೈಕ್ಯರಾಗುವ ಮುನ್ನ ತಮ್ಮ ಸಂಸ್ಥಾನದ ಆಸ್ತಿಯನ್ನು ಸಮಾಜದ ಮಕ್ಕಳ ವಿದ್ಯಾಭ್ಯಾಸಕ್ಕೆಂದು ಬಿಟ್ಟುಕೊಟ್ಟರು. 1916ರಲ್ಲಿ ಏಳು ಜನ ಮಹನೀಯರ ಶ್ರಮದಿಂದ ಬೆಳಗಾವಿಯಲ್ಲಿ ಕರ್ನಾಟಕ ಲಿಂಗಾಯತ ವಿದ್ಯಾವರ್ಧಕ ಸಂಸ್ಥೆಯು ಹುಟ್ಟಿತು. ಅದು 1933ರಲ್ಲಿ ತೆರೆದ ಕಾಲೇಜು ಲಿಂಗರಾಜರ ಹೆಸರನ್ನು ಹೊತ್ತು ನಿಂತಿದೆ. ದಾನಿಯ ಹಣ ವಿದ್ಯಾರ್ಥಿಯನ್ನು ಬಾಗಿಲವರೆಗೆ ಒಯ್ಯಬಲ್ಲುದು. ಒಳಗೆ ನಡೆಯತಕ್ಕವನು ಅವನೇ.

ಓದು

ಹೈಸ್ಕೂಲಿನಲ್ಲಿ ಗುರುಗಳು ಸಾಲುಸಾಲಾಗಿ ಅರ್ಥ ಹೇಳುವರು. ಕಾಲೇಜಿನಲ್ಲಿ ಒಂದು ತಾಸು ಮಾತನಾಡಿ, ಉಳಿದುದನ್ನು ಓದಿಕೊಳ್ಳಿರೆನ್ನುವರು. ಆದುದರಿಂದ ಪುಸ್ತಕ ತೆರೆದೊಡನೆ ಮೊದಲ ಸಾಲಿನಿಂದ ಹೊರಡಬಾರದು. ಅಧ್ಯಾಯದ ಶಿರೋನಾಮೆಗಳನ್ನೂ ಮೊದಲ, ಕೊನೆಯ ಪರಿಚ್ಛೇದಗಳನ್ನೂ ನೋಡಿ, “ಇದರಲ್ಲಿ ನಾನು ಏನನ್ನು ತಿಳಿಯಬೇಕು?” ಎಂದು ಎರಡು ಪ್ರಶ್ನೆಗಳನ್ನು ಬರೆದಿಟ್ಟುಕೊಂಡು ಓದತಕ್ಕದ್ದು. ಇಂಗ್ಲಿಷ್ ಪುಸ್ತಕವಾದರೆ ತಿಳಿಯದ ಪ್ರತಿಯೊಂದು ಶಬ್ದಕ್ಕೂ ನಿಲ್ಲಬಾರದು. ಪರಿಚ್ಛೇದ ಮುಗಿದ ಮೇಲೆ, ಮತ್ತೆ ಮತ್ತೆ ಬಂದ ಶಬ್ದಗಳನ್ನು ನಿಘಂಟಿನಲ್ಲಿ ನೋಡಿದರೆ ಸಾಕು.

ಕನ್ನಡ ಶಾಲೆಯಿಂದ ಬಂದವರು ನಾಚಬೇಕಾಗಿಲ್ಲ. ಹನ್ನೆರಡನೆಯ ಶತಮಾನದ ಶರಣರು ಅತಿ ಗಹನವಾದ ತತ್ತ್ವವನ್ನು ಒಕ್ಕಲಿಗರೂ ಕುಶಲಕರ್ಮಿಗಳೂ ಆಡುವ ನುಡಿಯಲ್ಲಿಯೇ ಹೇಳಿದರು. ಓದಿದ ವಿಷಯವನ್ನು ಮೊದಲು ಮನೆಯ ಮಾತಿನಲ್ಲಿ ಹೇಳಿನೋಡಬೇಕು. ಹೇಳಬಂದರೆ ತಿಳಿದಂತಾಯಿತು, ಆಮೇಲೆ ಇಂಗ್ಲಿಷಿನಲ್ಲಿ ಬರೆಯುವುದು ಅಭ್ಯಾಸದ ಮಾತು.

ಮನನ

ಪರೀಕ್ಷೆಯ ಹಿಂದಿನ ರಾತ್ರಿ ಗೈಡನ್ನು ಹತ್ತು ಸಲ ಓದುವುದು ನಮ್ಮಲ್ಲಿ ಬೇರೂರಿದ ರೂಢಿಯು. 2006ರಲ್ಲಿ ಅಮೇರಿಕೆಯ ರೋಡಿಗರ್ ಮತ್ತು ಕಾರ್ಪಿಕೆ ಎಂಬ ಮನಃಶಾಸ್ತ್ರಜ್ಞರು ಇದನ್ನು ಪರೀಕ್ಷಿಸಿ ನೋಡಿದರು. ವಿದ್ಯಾರ್ಥಿಗಳು ಒಂದು ಪಾಠವನ್ನು ಎರಡು ಸಲ ಓದಿದರು. ಇನ್ನೊಂದನ್ನು ಒಮ್ಮೆ ಓದಿ, ಅದನ್ನು ನೋಡದೆ ನೆನಪಿನಿಂದ ಬರೆದರು. ಐದು ನಿಮಿಷಗಳ ತರುವಾಯ ಕೇಳಿದಾಗ ಎರಡು ಸಲ ಓದಿದ ಪಾಠವೇ ಹೆಚ್ಚು ನೆನಪಿತ್ತು. ಒಂದು ವಾರದ ತರುವಾಯವಾದರೋ ಅದರಲ್ಲಿ ನೂರಕ್ಕೆ 42 ಅಂಶ ಮಾತ್ರ ಉಳಿಯಿತು. ನೆನಪಿನಿಂದ ಬರೆದುದರಲ್ಲಿ 56 ಉಳಿಯಿತು. ಮರಳಿ ಮರಳಿ ಓದುವುದು ತಿಳಿದೆನೆಂಬ ಭ್ರಮೆಯನ್ನು ಬೇಗ ಹುಟ್ಟಿಸುತ್ತದೆ. ಪುಸ್ತಕ ಮುಚ್ಚಿ, ಉಳಿದುದನ್ನು ಬರೆದು, ಬಿಟ್ಟುದನ್ನು ತೆರೆದು ನೋಡಬೇಕು. ಮರುದಿನವೂ ವಾರದ ಮೇಲೆಯೂ ಹಾಗೆಯೇ ಮಾಡಬೇಕು.

ಬರೆಹ

ನವಿಲುತೀರ್ಥದ ಅಣೆಕಟ್ಟಿನಲ್ಲಿ ಮಲಪ್ರಭೆ ಎಷ್ಟು ತುಂಬಿದರೂ ಕಾಲುವೆ ತೆರೆಯದೆ ಹೊಲ ತೊಯ್ಯದು. ಓದಿಗೆ ಬರೆಹವೇ ಕಾಲುವೆಯು. ಇದಕ್ಕೆ ನಮ್ಮ ನೆಲದ ಉದಾಹರಣೆಯನ್ನೇ ತೆಗೆದುಕೊಳ್ಳೋಣ. “1824ರ ಕಿತ್ತೂರಿನ ಯುದ್ಧಕ್ಕೆ ಕಾರಣಗಳೇನು?” ಎಂದು ಕೇಳಿದರೆ ಅನೇಕರು ರಾಣಿ ಚೆನ್ನಮ್ಮನವರ ಶೌರ್ಯವನ್ನು ನಾಲ್ಕು ಪುಟ ವರ್ಣಿಸುವರು. ಭಕ್ತಿಯೇನೋ ಸರಿ, ಪ್ರಶ್ನೆಗೆ ಉತ್ತರವಾಗಲಿಲ್ಲ. ಕೇಳಿದುದು ಕಾರಣ. ದೊರೆ ಶಿವಲಿಂಗರುದ್ರಸರ್ಜರು ಗಂಡು ಸಂತಾನವಿಲ್ಲದೆ ತೀರಿಕೊಂಡುದು ಒಂದು. ಅವರ ದತ್ತಕವನ್ನು ಕಂಪನಿ ಸರಕಾರ ಒಪ್ಪದುದು ಎರಡು. ಧಾರವಾಡದ ಕಲೆಕ್ಟರ ಥ್ಯಾಕರೆ ಖಜಾನೆಗೆ ಮುದ್ರೆ ಹಾಕಿಸಿ ಸಂಸ್ಥಾನವನ್ನು ವಶಪಡಿಸಿಕೊಳ್ಳಹೊರಟುದು ಮೂರು. ಒಂದೊಂದು ಕಾರಣಕ್ಕೆ ಒಂದೊಂದು ಪರಿಚ್ಛೇದವಿರಲಿ. ಅದರ ಮೊದಲ ವಾಕ್ಯವೇ ಕಾರಣವನ್ನು ಹೇಳಲಿ. ಬರೆದುದನ್ನು ಗಟ್ಟಿಯಾಗಿ ಓದಿದರೆ ತಪ್ಪಿದ ಸಾಲು ಕಿವಿಗೆ ತಾನೇ ತಿಳಿಯುವುದು.

ಮನೆಯವರ ಕರ್ತವ್ಯ

ಇಷ್ಟಕ್ಕೂ ಮನೆಯ ಆಸರೆ ಬೇಕು. ಸುಗ್ಗಿಯ ದಿನಗಳಲ್ಲಿಯೂ ನಿತ್ಯ ಎರಡು ತಾಸು ಓದಿಗೆ ಮೀಸಲಿರಲಿ. ಆ ಹೊತ್ತಿಗೆ ಮೊಬೈಲು ಬೇರೆ ಕೋಣೆಯಲ್ಲಿರಲಿ. ಕಾಲೇಜಿನಿಂದ ಬಂದ ಮಗಳಿಗೆ ಒಲೆಯೂ ಕಸಬರಿಗೆಯೂ ಕಾದಿದ್ದು, ಮಗನಿಗೆ ಮಾತ್ರ ಪುಸ್ತಕ ಕಾದಿದ್ದರೆ, ಸ್ತ್ರೀಪುರುಷ ಭೇದವನ್ನೆಣಿಸದ ಶರಣರ ಹೆಸರು ಹೇಳಲು ನಮಗೆ ಅಧಿಕಾರವೆಲ್ಲಿಯದು? ಅಕ್ಷರವರಿಯದ ತಾಯಿಯೂ ಊಟದ ಹೊತ್ತಿನಲ್ಲಿ “ಇಂದು ಏನು ಕಲಿತೆ? ನನಗೆ ತಿಳಿಯುವಂತೆ ಹೇಳು” ಎಂದು ಕೇಳಬಲ್ಲಳು. ಅದಕ್ಕಿಂತ ಒಳ್ಳೆಯ ಪರೀಕ್ಷೆ ಯಾವುದಿದೆ?

ವಿದ್ಯಾರ್ಥಿಗೆ ವಿದ್ಯೆಯೇ ಕಾಯಕ. ನಕಲು ಮಾಡಿ ಗಳಿಸಿದ ಅಂಕವು ದುಡಿಯದೆ ಉಂಡ ಅನ್ನದಂತೆ. ಕಲಿತವನು ಓಣಿಯ ಒಂದು ಕಿರಿಯ ಮಗುವಿಗೆ ವಾರಕ್ಕೊಂದು ತಾಸು ಹೇಳಿಕೊಟ್ಟರೆ ಅದೇ ದಾಸೋಹವಾಗುವುದು. ಹೇಳಿಕೊಡುವವನ ವಿದ್ಯೆಯೂ ಗಟ್ಟಿಯಾಗುವುದು. ನಮ್ಮ ಮನೆಮನೆಯ ಮಕ್ಕಳು ಈ ಕಾಯಕದಲ್ಲಿ ನಿಷ್ಠರಾಗಲಿ.