ಗಾಳಿಯಿಂದ ನೀರೆತ್ತುವ ಪಂಪು: ಮೀನಿನ ತೊಟ್ಟಿಯಲ್ಲೊಂದು ಪ್ರಯೋಗ

ಗಾಜಿನ ತೊಟ್ಟಿಯಲ್ಲಿ ಮೀನು ಸಾಕುವವರು ಬೇಸಗೆಯ ಮುಂಜಾನೆ ಕಾಣುವ ದೃಶ್ಯವೊಂದುಂಟು: ಮೀನುಗಳೆಲ್ಲ ನೀರಿನ ಮೇಲ್ಮೈಗೆ ಬಂದು ಬಾಯಿ ತೆರೆದು ಮುಚ್ಚುತ್ತಿರುತ್ತವೆ. ಅವು ಆಹಾರವನ್ನು ಬೇಡುತ್ತಿವೆಯೆಂದು ಭಾವಿಸಬಾರದು, ಉಸಿರಿಗಾಗಿ ಹೆಣಗುತ್ತಿರಬಹುದು. ೨೦ ಡಿಗ್ರಿ ಸೆಂಟಿಗ್ರೇಡ್ ಉಷ್ಣತೆಯಲ್ಲಿ ಒಂದು ಲೀಟರು ಸಿಹಿನೀರು ಸುಮಾರು ೯ ಮಿಲಿಗ್ರಾಂ ಆಮ್ಲಜನಕವನ್ನು ಕರಗಿಸಿಕೊಳ್ಳಬಲ್ಲದು. ೩೦ ಡಿಗ್ರಿಯಲ್ಲಿ ಸುಮಾರು ೭.೫ ಮಿಲಿಗ್ರಾಂ ಮಾತ್ರ. ರಾತ್ರಿ ಬೆಳಕಿಲ್ಲದ ಕಾರಣ ಜಲಸಸ್ಯಗಳೂ ಆಮ್ಲಜನಕವನ್ನು ಕೊಡುವುದಕ್ಕೆ ಬದಲಾಗಿ ತಾವೇ ಬಳಸಿಕೊಳ್ಳುತ್ತವೆ.

ಅಂಗಡಿಯಲ್ಲಿ ದೊರೆಯುವ ಸಣ್ಣ ಗಾಳಿಪಂಪು ತೊಟ್ಟಿಯೊಳಗೆ ಗುಳ್ಳೆಗಳನ್ನೇನೋ ಬಿಡುತ್ತದೆ. ಆದರೆ ಗುಳ್ಳೆಯಿಂದ ನೇರವಾಗಿ ನೀರಿಗೆ ಸೇರುವ ಆಮ್ಲಜನಕಕ್ಕಿಂತ, ತಳದ ನೀರು ಮೇಲೆದ್ದು ಬಂದು ಹೊರಗಿನ ಗಾಳಿಯನ್ನು ಸೋಕುವುದರಿಂದ ಸೇರುವುದೇ ಹೆಚ್ಚು. ಹೀಗಿರುವಲ್ಲಿ ಅದೇ ಪಂಪಿನಿಂದ ಇನ್ನಷ್ಟು ನೀರನ್ನು ಮೇಲೆತ್ತಿಸಬಹುದೆ?

ಉಪಾಯ ಹೊಸದಲ್ಲ. ಗಣಿಯ ನೀರನ್ನು ಗಾಳಿಯ ನೆರವಿನಿಂದ ಎತ್ತುವ ವಿಧಾನವನ್ನು ಜರ್ಮನಿಯ ಕಾರ್ಲ್ ಇಮ್ಯಾನುಯೆಲ್ ಲೋಷರನು ೧೭೯೭ರಲ್ಲಿಯೇ ವರ್ಣಿಸಿದ್ದನು. ನಾವು ಮಾಡಬೇಕಾದುದಿಷ್ಟೆ: ಬೆರಳುಗಾತ್ರದ ಪಿ.ವಿ.ಸಿ. ಕೊಳವೆಯೊಂದನ್ನು, ಕೆಳಬಾಯಿ ತಳಕ್ಕೆ ತಗುಲದಂತೆ, ತೊಟ್ಟಿಯಲ್ಲಿ ನೆಟ್ಟಗೆ ನಿಲ್ಲಿಸುವುದು. ಕೆಳಬಾಯಿಗಿಂತ ತುಸು ಮೇಲೆ ಪಕ್ಕದಲ್ಲಿ ರಂಧ್ರ ಕೊರೆದು ಗಾಳಿಯ ನಳಿಕೆಯನ್ನು ಸೇರಿಸುವುದು. ತಾಮ್ರದ ಕೊಳವೆ ಸಲ್ಲದು. ನೀರಿನಲ್ಲಿ ಕರಗಿದ ತಾಮ್ರ ಮೀನಿಗೆ ವಿಷ.

ಗಾಳಿ ಬೆರೆತ ನೀರು ಬರಿಯ ನೀರಿಗಿಂತ ಹಗುರ. ಗಾಳಿಯು ೩೦ ಸೆಂ.ಮೀ. ಆಳದಲ್ಲಿ ಸೇರುತ್ತದೆಂದೂ, ಕೊಳವೆಯೊಳಗಿನ ಮಿಶ್ರಣದಲ್ಲಿ ಐದರಲ್ಲಿ ಒಂದು ಪಾಲು ಗಾಳಿಯೆಂದೂ ಇಟ್ಟುಕೊಳ್ಳೋಣ. ಆಗ ಮಿಶ್ರಣದ ಸಾಂದ್ರತೆ ನೀರಿನ ಸಾಂದ್ರತೆಯ ೦.೮ರಷ್ಟು. ಹೊರಗಿನ ೩೦ ಸೆಂ.ಮೀ. ನೀರು ಒಳಗಿನ ೩೦ ÷ ೦.೮ = ೩೭.೫ ಸೆಂ.ಮೀ. ಮಿಶ್ರಣವನ್ನು ಎತ್ತಿ ಹಿಡಿಯಬಲ್ಲದು. ಎಂದರೆ ಮೇಲ್ಮೈಗಿಂತ ೭.೫ ಸೆಂ.ಮೀ. ಮೇಲಕ್ಕೆ. ಹೊರಬಾಯಿಯನ್ನು ೩ ಸೆಂ.ಮೀ. ಎತ್ತರದಲ್ಲಿಟ್ಟರೆ ಉಳಿದ ಬಲವೇ ನೀರನ್ನು ಹರಿಸುತ್ತದೆ. ಗಾಳಿ ೧೦ ಸೆಂ.ಮೀ. ಆಳದಲ್ಲಿ ಸೇರಿದರೋ, ಏರಿಕೆ ೨.೫ ಸೆಂ.ಮೀ. ಮಾತ್ರ, ಲೆಕ್ಕದ ಪ್ರಕಾರ ನೀರು ಹೊರಬಾಯಿಯನ್ನೇ ಮುಟ್ಟದು.

ಹಾಗೆಂದು ಆಳ ಹೆಚ್ಚಿದಷ್ಟೂ ಲಾಭವೆಂದು ಅವಸರಪಡಬಾರದು. ಆಳದಲ್ಲಿ ನೀರಿನ ಒತ್ತಡ ಹೆಚ್ಚು. ದುರ್ಬಲವಾದ ಪಂಪು ಅಲ್ಲಿಗೆ ಕೊಡುವ ಗಾಳಿ ಕಡಿಮೆ. ಆದುದರಿಂದ ಎರಡನ್ನೂ ಅಳೆಯಬೇಕು. ನೀರು ತುಂಬಿ ತಲೆಕೆಳಗಾಗಿಸಿದ ಸೀಸೆಯಲ್ಲಿ ಗುಳ್ಳೆಗಳನ್ನು ಸಂಗ್ರಹಿಸಿ ಅದು ತುಂಬುವ ಕಾಲವನ್ನು ಗುರುತಿಸಿಕೊಳ್ಳಬಹುದು. ಪ್ರಯೋಗಶಾಲೆಯಲ್ಲಿ ಆಮ್ಲಜನಕವನ್ನು ಹಿಡಿಯುವ ಕ್ರಮವೇ ಇದು. ಹೊರಬಾಯಿಯ ನೀರು ಅರ್ಧ ಲೀಟರಿನ ಪಾತ್ರೆಯನ್ನು ೧೫ ಸೆಕೆಂಡುಗಳಲ್ಲಿ ತುಂಬಿದರೆ ನಿಮಿಷಕ್ಕೆ ೨ ಲೀಟರು ಎಂದಾಯಿತು. ಪ್ರತಿ ಅಳತೆಯ ಬಳಿಕ ಆ ನೀರನ್ನು ತೊಟ್ಟಿಗೆ ಮರಳಿ ಸುರಿಯತಕ್ಕದ್ದು; ಇಲ್ಲವಾದರೆ ಮಟ್ಟ ಇಳಿದು ಮುಂದಿನ ಅಳತೆ ಕೆಡುತ್ತದೆ.

ಕೊಳವೆಯ ಅಗಲದಲ್ಲಿಯೇ ಹೆಚ್ಚಿನ ಸ್ವಾರಸ್ಯವಿದೆಯೆಂದು ನಮ್ಮ ಅಭಿಪ್ರಾಯ. ತೀರ ಅಗಲವಾದರೆ ಗುಳ್ಳೆಗಳು ಚದುರಿ ತಾವಷ್ಟೇ ಮೇಲೇರುತ್ತವೆ, ನೀರು ಬದಿಯಿಂದ ಜಾರಿ ಹಿಂದುಳಿಯುತ್ತದೆ. ತೀರ ಕಿರಿದಾದರೆ ಗೋಡೆಯ ಘರ್ಷಣೆ ಬಲವನ್ನೆಲ್ಲ ನುಂಗುತ್ತದೆ. ಮೂರು ನಾಲ್ಕು ಅಗಲದ ಕೊಳವೆಗಳನ್ನು, ಆಳವನ್ನೂ ಎತ್ತರವನ್ನೂ ಬದಲಿಸದೆ, ಮೀನಿಲ್ಲದ ಬಕೆಟ್ಟಿನಲ್ಲಿ ಪರೀಕ್ಷಿಸಿ ನಕ್ಷೆ ಬರೆದರೆ ನಮ್ಮ ಪಂಪಿಗೆ ಒಪ್ಪುವ ಅಗಲ ಯಾವುದೆಂಬುದು ತಾನಾಗಿ ಕಾಣುವುದು.

ವಿದ್ಯುತ್ತಿನ ವಿಷಯದಲ್ಲಿ ಮಾತ್ರ ಉದಾಸೀನ ಕೂಡದು. ಪಂಪು ನೀರಿನ ಮಟ್ಟಕ್ಕಿಂತ ಕೆಳಗಿದ್ದು ವಿದ್ಯುತ್ತು ನಿಂತರೆ, ನೀರು ಗಾಳಿಯ ನಳಿಕೆಯ ಮೂಲಕ ಹಿಮ್ಮುಖವಾಗಿ ಹರಿದು ಪಂಪಿನೊಳಗೆ ಇಳಿಯುವುದುಂಟು. ವಿದ್ಯುತ್ತು ಮರಳಿದಾಗ ಆ ಒದ್ದೆ ಪಂಪನ್ನು ಮುಟ್ಟಿದವರ ಪ್ರಾಣಕ್ಕೇ ಅಪಾಯ. ಪಂಪನ್ನು ತೊಟ್ಟಿಗಿಂತ ಎತ್ತರದ ಹಲಗೆಯ ಮೇಲಿಡಬೇಕು. ನೀರಿಗೆ ಕೈಹಾಕುವ ಮುನ್ನ ಪ್ಲಗ್ಗನ್ನು ಕಿತ್ತಿಡಬೇಕು. ಎತ್ತರದ ಸ್ಥಳ ದೊರೆಯದಿದ್ದಲ್ಲಿ, ಗಾಳಿಯನ್ನು ಒಂದೇ ದಿಕ್ಕಿಗೆ ಬಿಡುವ ಕವಾಟವನ್ನು ನಳಿಕೆಯ ನಡುವೆ ಸೇರಿಸಬಹುದು. ಸೇರಿಸುವ ಮೊದಲು ಅದನ್ನು ಬಾಯಿಂದ ಊದಿ ನೋಡಬೇಕು: ಊದಿದಾಗ ಗಾಳಿ ಹೋಗಿ, ಎಳೆದಾಗ ಸ್ವಲ್ಪವೂ ಬಾರದಿದ್ದರೆ ಕವಾಟವು ಸರಿಯಾಗಿದೆ.