ಬಿದ್ದ ವಿಮಾನವನ್ನು ಮನೆಗೆ ತಾ

ಮಗಾ,

ಹೋದ ಭಾನುವಾರ ಕುಣಿಗಲ್ಲಿಗೆ ಬಂದಿದ್ದೆನಲ್ಲ, ಕೈಕಾಲು ತೊಳೆಯಲು ಹಿತ್ತಿಲಿಗೆ ಹೋದಾಗ ತೆಂಗಿನ ಗರಿಯ ರಾಶಿಯ ಮೇಲೆ ನಿನ್ನ ವಿಮಾನ ಕಂಡಿತು. ಎಡಗಡೆಯ ರೆಕ್ಕೆ ಎರಡು ತುಂಡಾಗಿತ್ತು, ಮೂತಿ ಜಜ್ಜಿಹೋಗಿತ್ತು. ನಿಮ್ಮಮ್ಮನನ್ನು ಕೇಳಿದರೆ, ‘ಅದರ ಕತೆ ಮುಗೀತಂತೆ ಅಪ್ಪ, ಇನ್ನೊಂದು ಆರ್ಡರ್ ಹಾಕ್ತಾನಂತೆ’ ಎಂದಳು. ನೀನು ಒಳಗೆ ಕೂತು ಮೊಬೈಲಿನಲ್ಲಿ ಹೊಸದರ ಬೆಲೆ ನೋಡುತ್ತಿದ್ದೆ. ಆಗ ಬಾಯಿ ತೆರೆದಿದ್ದರೆ ಬೈದ ಹಾಗೆ ಕೇಳಿಸುತ್ತಿತ್ತು. ಅದಕ್ಕೇ ಸುಮ್ಮನಿದ್ದು, ಚೂರುಗಳನ್ನೆಲ್ಲ ಒಂದು ಚೀಲಕ್ಕೆ ತುಂಬಿಕೊಂಡು ತುಮಕೂರಿನ ಬಸ್ಸು ಹತ್ತಿದೆ. ಆವತ್ತು ಹೇಳದ್ದನ್ನು ಈಗ ಬರೆಯುತ್ತಿದ್ದೇನೆ.

ವಿಮಾನ ಹಾರಿಸುವುದು, ಫೋಟೊ ತೆಗೆಯುವುದು, ಎರಡೂ ನನಗೂ ಹಿಡಿದ ಹುಚ್ಚೇ. ಅವು ನಿನಗೂ ಹಿಡಿದಿವೆಯೆಂದು ಗೊತ್ತಾದ ದಿನ ನಿಮ್ಮಜ್ಜಿಯ ಮುಂದೆ ಎಷ್ಟು ಹಿಗ್ಗಿದ್ದೆನೋ ಅವಳನ್ನೇ ಕೇಳು. ಆ ಹಿಗ್ಗು ಇನ್ನೂ ಇದೆ. ಆದರೆ ಮುರಿದದ್ದನ್ನು ನೀನು ಗರಿಯ ರಾಶಿಗೆ ಎಸೆದದ್ದು ನೋಡಿ ಮನಸ್ಸಿಗೆ ನೋವಾಯಿತು. ದುಡ್ಡು ಹಾಳಾಯಿತೆಂಬ ನೋವಲ್ಲ. ನಿನಗೆ ಪಾಠ ಹೇಳಬೇಕಿದ್ದದ್ದೇ ಆ ಚೂರುಗಳು. ಅವನ್ನು ಕೇಳದೆ ಕಳಿಸಿಬಿಟ್ಟೆಯಲ್ಲ ಎಂದು.

ನಿನ್ನ ವಿಮಾನ ಹೇಗೆ ಬಿತ್ತೆಂದು ನೋಡದಿದ್ದರೂ ಹೇಳಬಲ್ಲೆ. ಮೊನ್ನೆ ರಾತ್ರಿ ಚೂರುಗಳನ್ನು ಹಳೇ ಬೆಡ್‌ಶೀಟಿನ ಮೇಲೆ ಹರಡಿ, ಕಾರ್ಖಾನೆಯ ಕಾಲದ ಭೂತಗನ್ನಡಿಯನ್ನು ಕಣ್ಣಿಗೆ ಸಿಕ್ಕಿಸಿಕೊಂಡು ನೋಡಿದೆ. ಎಡರೆಕ್ಕೆಯ ತುದಿಯಲ್ಲಿ ಮಣ್ಣು ಮೆತ್ತಿದೆ, ಬಲರೆಕ್ಕೆಯಲ್ಲಿ ಇಲ್ಲ. ಅಂದರೆ ಎಡಕ್ಕೆ ಮಗುಚಿಕೊಂಡು ಬಂದು ಮೊದಲು ರೆಕ್ಕೆ, ಆಮೇಲೆ ಮೂತಿ ನೆಲಕ್ಕೆ ತಾಗಿದೆ. ಬ್ಯಾಟರಿ ಕೂರಿಸಿದ್ದ ಟೇಪಿನ ಗುರುತು ಎಷ್ಟೋ ಹಿಂದಿದೆ. ರೆಕ್ಕೆಯ ಅಗಲ 18 ಸೆಂಟಿಮೀಟರ್. ತೂಕದ ನಡುವು ರೆಕ್ಕೆಯ ಮುಂದಿನ ಅಂಚಿನಿಂದ ನಾಲ್ಕನೇ ಒಂದರಿಂದ ಮೂರನೇ ಒಂದು ಭಾಗದೊಳಗೆ, ಅಂದರೆ ನಾಲ್ಕೂವರೆಯಿಂದ ಆರು ಸೆಂಟಿಮೀಟರಿನೊಳಗೆ ಇರಬೇಕು. ರೆಕ್ಕೆಯ ಕೆಳಗೆ ಅಲ್ಲಿ ಎರಡು ಬೆರಳಿಟ್ಟು ಎತ್ತಿದರೆ ತಕ್ಕಡಿಯ ಹಾಗೆ ನಿಲ್ಲಬೇಕು, ಮೂತಿ ತುಸು ಬಾಗಿದರೂ ಚಿಂತೆಯಿಲ್ಲ. ನಿನ್ನದರ ಬಾಲ ಭಾರವಾಗಿತ್ತು. ಬಾಲ ಭಾರವಾದರೆ ಮೂತಿ ಮೇಲೇಳುತ್ತದೆ, ವೇಗ ಸಾಯುತ್ತದೆ, ಒಂದು ರೆಕ್ಕೆ ಕುಸಿಯುತ್ತದೆ. ಆಗ ನಿನ್ನ ಬೆರಳು ಏನು ಮಾಡಿದರೂ ಅದು ಕೇಳುವುದಿಲ್ಲ. ಹೊಸದು ತರಿಸಿ ಬ್ಯಾಟರಿಯನ್ನು ಅದೇ ಜಾಗದಲ್ಲಿ ಕೂರಿಸಿದ್ದರೆ ಅದೂ ಅದೇ ಗದ್ದೆಯಲ್ಲಿ ಬೀಳುತ್ತಿತ್ತು.

ಇನ್ನೊಂದು ಅನುಮಾನ. ಬೀಳುವ ಹೊತ್ತಿಗೆ ವಿಮಾನ ನಿನ್ನ ಕಡೆಗೇ ಬರುತ್ತಿತ್ತೇನೋ. ನಮ್ಮಿಂದ ದೂರ ಹೋಗುವಾಗ ಅದರ ಎಡ ನಮ್ಮ ಎಡವೇ. ನಮ್ಮತ್ತ ಬರುವಾಗ ಎಡಬಲ ಅದಲುಬದಲು. ಕಲಿಯುವವರೆಲ್ಲ ಇಲ್ಲೇ ಮುಗ್ಗರಿಸುತ್ತಾರೆ. ಎದುರು ಬರುವಾಗ ಯಾವ ಕಡೆಯ ರೆಕ್ಕೆ ಕುಸಿದಿದೆಯೋ ಆ ಕಡೆಗೇ ಟ್ರಾನ್ಸ್‌ಮಿಟರಿನ ಕಡ್ಡಿಯನ್ನು ತಳ್ಳು, ಬೀಳುವ ರೆಕ್ಕೆಗೆ ಊರುಗೋಲು ಕೊಡುವಂತೆ. ಅಷ್ಟು ನೆನಪಿದ್ದರೆ ಸಾಕು, ಒಂದು ತಿಂಗಳಲ್ಲಿ ಬೆರಳು ತಾನಾಗಿ ಕಲಿಯುತ್ತದೆ.

ಚೂರುಗಳನ್ನು ಬೆಡ್‌ಶೀಟಿನ ಮೇಲೆ ಹರಡುವ ಈ ಕ್ರಮವನ್ನು ನನಗೆ ಕಲಿಸಿದವನೊಬ್ಬನಿದ್ದ. ಎಂಬತ್ತರ ದಶಕದ ಮಾತು. ಆಗ ನಾನು ತುಮಕೂರಿನ ಎಚ್‌ಎಂಟಿ ಗಡಿಯಾರ ಕಾರ್ಖಾನೆಯಲ್ಲಿದ್ದೆ. ಈಗ ಆ ಜಾಗ ಇಸ್ರೋದ ಕೈಗೆ ಬಂದಿದೆ. ಗಡಿಯಾರ ಜೋಡಿಸಿದ ನೆಲದಲ್ಲಿ ಬಾಹ್ಯಾಕಾಶದ ಕೆಲಸ ಎಂದು ನೆನೆದರೆ ನನಗೆ ಎದೆ ತುಂಬಿ ಬರುತ್ತದೆ. ನನ್ನ ಪಾಳಿಯಲ್ಲೇ ಗುಬ್ಬಿ ಕಡೆಯ ಗೆಳೆಯನೊಬ್ಬನಿದ್ದ, ಎನ್‌ಸಿಸಿಯ ವಾಯುದಳದಲ್ಲಿ ಮಾದರಿ ವಿಮಾನ ಕಟ್ಟುವುದನ್ನು ಕಲಿತವನು. ಕಲ್ಕತ್ತಾದಿಂದ ಅಂಚೆಯಲ್ಲಿ ಬಾಲ್ಸಾ ಮರದ ಹಲಗೆ ತರಿಸಿ, ಬ್ಲೇಡಿನಲ್ಲಿ ಕೊಯ್ದು, ರಾತ್ರಿ ಹೊತ್ತು ಮೂರು ತಿಂಗಳು ಕೂತು ಒಂದು ವಿಮಾನ ಕಟ್ಟಿದ. ಅದರ ಪುಟ್ಟ ಎಂಜಿನ್ನಿಗೆ ಮೆಥನಾಲ್ ಜತೆ ಹರಳೆಣ್ಣೆ ಬೆರೆಸಿ ಹಾಕಬೇಕಿತ್ತು. ಸುಟ್ಟ ಹರಳೆಣ್ಣೆಯ ಆ ವಾಸನೆ ಎಲ್ಲಿ ಸಿಕ್ಕರೂ ನಾನು ಇವತ್ತಿಗೂ ನಾವು ವಿಮಾನ ಹಾರಿಸುತ್ತಿದ್ದ ಗುಬ್ಬಿಯ ಕೆರೆಯಂಗಳದಲ್ಲಿ ನಿಂತಿರುತ್ತೇನೆ.

ಈಗಿನ 2.4 ಗಿಗಾಹರ್ಟ್ಸ್ ಸೆಟ್ಟುಗಳಲ್ಲಿ ನಿನ್ನ ಟ್ರಾನ್ಸ್‌ಮಿಟರು ನಿನ್ನ ರಿಸೀವರಿನ ಜತೆ ಮಾತ್ರ ಮಾತಾಡುತ್ತದೆ. ಆಗ ಹಾಗಿರಲಿಲ್ಲ. ಒಳಗೊಂದು ಕ್ರಿಸ್ಟಲ್ ಇರುತ್ತಿತ್ತು, ಅದು ಹೇಳಿದ್ದೇ ತರಂಗ. ಒಂದೇ ತರಂಗದ ಎರಡು ಸೆಟ್ ಒಟ್ಟಿಗೆ ಆನ್ ಆದರೆ ಮೇಲಿರುವ ವಿಮಾನಕ್ಕೆ ಯಾರ ಮಾತು ಕೇಳಬೇಕೆಂದೇ ತಿಳಿಯದು. ಅದಕ್ಕೆ ಮೈದಾನದಲ್ಲಿ ಒಂದು ಹಲಗೆ, ಅದರಲ್ಲಿ ನಂಬರು ಬರೆದ ಬಟ್ಟೆ ಕ್ಲಿಪ್ಪು. ನಿನ್ನ ನಂಬರಿನ ಕ್ಲಿಪ್ಪು ಕೈಯಲ್ಲಿದ್ದರೆ ಮಾತ್ರ ಸ್ವಿಚ್ ಹಾಕಬೇಕು. ನಮ್ಮಿಬ್ಬರದೂ ಒಂದೇ ನಂಬರು, ಇದ್ದದ್ದು ಒಂದೇ ಕ್ಲಿಪ್ಪು.

ಆವತ್ತು ಕ್ಲಿಪ್ಪು ಅವನ ಜೇಬಿನಲ್ಲಿತ್ತು, ಅವನ ವಿಮಾನ ಮೇಲಿತ್ತು. ನನ್ನ ವಿಮಾನದ ಬಾಲ ಅಲ್ಲಾಡುತ್ತದೋ ಇಲ್ಲವೋ ನೋಡುವ ಆತುರ ನನಗೆ. ಒಂದು ಕ್ಷಣ ತಾನೆ ಎಂದುಕೊಂಡು ಸ್ವಿಚ್ ಒತ್ತಿದೆ. ಮೇಲೆ ಅವನ ವಿಮಾನ ಜ್ವರ ಬಂದ ಹಾಗೆ ನಡುಗಿತು, ಮೂತಿ ಕೆಳಗಾಗಿ ಜಾಲಿ ಗಿಡಗಳ ಆಚೆ ಬಿತ್ತು. ಅವನು ಒಮ್ಮೆ ನನ್ನ ಕೈಯನ್ನು ನೋಡಿದ. ಬೈದಿದ್ದರೆ ಹಗುರವಾಗುತ್ತಿತ್ತು. ಬೈಯಲಿಲ್ಲ. ಹೆಗಲ ಟವೆಲನ್ನು ನೆಲಕ್ಕೆ ಹಾಸಿ, ‘ಒಂದು ಚೂರೂ ಬಿಡಬೇಡ, ಎಲ್ಲ ಆರಿಸು’ ಎಂದ. ಕತ್ತಲಾಗುವವರೆಗೆ ಆರಿಸಿದೆವು.

ನನ್ನ ಹತ್ತಿರ ಆಗ ಒಂದು ಆಗ್ಫಾ ಕ್ಲಿಕ್ ಕ್ಯಾಮೆರಾ ಇತ್ತು. 120ರ ಫಿಲ್ಮು, ಒಂದು ರೋಲಿಗೆ 12 ಚಿತ್ರ. ಒಂದು ರೋಲನ್ನು ಮದುವೆ, ಜಾತ್ರೆ, ನಾಮಕರಣ ಎಂದು ತಿಂಗಳುಗಟ್ಟಲೆ ಎಳೆಯುತ್ತಿದ್ದ ಕಾಲ. ಮಾರನೆಯ ಬೆಳಿಗ್ಗೆ ಗೆಳೆಯ ಅಂಗಳದಲ್ಲಿ ಬೆಡ್‌ಶೀಟು ಹಾಸಿ, ಚೂರುಗಳನ್ನು ಅವು ಎಲ್ಲೆಲ್ಲಿಂದ ಮುರಿದಿದ್ದವೋ ಹಾಗೇ ಜೋಡಿಸಿಟ್ಟು, ಫೋಟೊ ತೆಗೆ ಎಂದ. ಆ ಕ್ಯಾಮೆರಾದಲ್ಲಿ ಹತ್ತಿರದ ವಸ್ತು ಮಸುಕು ಬರುತ್ತಿತ್ತು. ಅದಕ್ಕೆ ಮಾಳಿಗೆ ಹತ್ತಿ ಮೇಲಿನಿಂದ ನಾಲ್ಕು ಚಿತ್ರ ತೆಗೆದೆ. ಸ್ಟುಡಿಯೋದಿಂದ ಪ್ರಿಂಟು ಬಂದ ಮೇಲೆ ಆ ನಾಲ್ಕು ಚಿತ್ರಗಳನ್ನು ಗೋಡೆಗೆ ಅಂಟಿಸಿಕೊಂಡು ಅದೇ ವಿಮಾನವನ್ನು ಮತ್ತೆ ಕಟ್ಟಿದೆವು. ಎರಡೂವರೆ ತಿಂಗಳು ಹಿಡಿಯಿತು. ತೇಪೆಗಳಿಂದಾಗಿ ಮೊದಲಿಗಿಂತ ಭಾರವಾಗಿತ್ತು, ಇಳಿಸುವಾಗ ವೇಗ ಹೆಚ್ಚು ಬೇಕಾಗುತ್ತಿತ್ತು. ಆದರೆ ಅದರೊಳಗಿನ ಒಂದೊಂದು ಕಡ್ಡಿಯೂ ನನಗೆ ಗೊತ್ತಿತ್ತು. ಅದು ಮತ್ತೆ ಹಾರಿದ ದಿನ ಗೆಳೆಯ ಕ್ಲಿಪ್ಪಿನ ಹಲಗೆಯನ್ನು ನನ್ನ ಕೈಗೆ ಕೊಟ್ಟು, ಇನ್ನು ಮೇಲೆ ಇದು ನಿನ್ನ ಜವಾಬ್ದಾರಿ ಎಂದ. ಆ ಕ್ಲಿಪ್ಪು ಇವತ್ತಿಗೂ ನನ್ನ ಮೇಜಿನ ಮೇಲಿದೆ.

ನೀನು ದಿನಕ್ಕೆ ಇನ್ನೂರು ಚಿತ್ರ ತೆಗೆಯುತ್ತೀಯ. ತಪ್ಪೇನಿಲ್ಲ, ಕಲಿಯಲು ಅದು ವರವೇ. ಆದರೆ ಚೆನ್ನಾಗಿ ಬಾರದ್ದನ್ನು ತಕ್ಷಣ ಅಳಿಸಬೇಡ. ಕೆಟ್ಟ ಚಿತ್ರವೂ ಬಿದ್ದ ವಿಮಾನವೇ. ಏಕೆ ಕೆಟ್ಟಿತೆಂದು ಗೊತ್ತಾದ ಮೇಲೆ ಬೇಕಾದರೆ ಅಳಿಸು. ನೀನು ಕಳಿಸಿದ ಚಿತ್ರದಲ್ಲಿ ನಿನ್ನ ವಿಮಾನ ದಾರದಲ್ಲಿ ನೇತುಹಾಕಿದ ಆಟಿಕೆಯಂತೆ ಕಾಣುತ್ತದೆ, ಅಲ್ಲವೆ? ಪ್ರೊಪೆಲ್ಲರ್ ನಿಂತುಹೋದಂತಿದೆ. ಲೆಕ್ಕ ಹಾಕು. ಅದು ನಿಮಿಷಕ್ಕೆ 9,000 ಸುತ್ತು ತಿರುಗಿದರೆ ಸೆಕೆಂಡಿಗೆ 150 ಸುತ್ತು. ನಿನ್ನ ಶಟರ್ ಸೆಕೆಂಡಿನ 3,000ನೇ ಒಂದು ಭಾಗ ಮಾತ್ರ ತೆರೆದಿದ್ದರೆ ಅಷ್ಟರಲ್ಲಿ ಅದು ತಿರುಗುವುದು 18 ಡಿಗ್ರಿ ಅಷ್ಟೆ. 150ನೇ ಒಂದು ಭಾಗಕ್ಕೆ ಇಳಿಸಿದರೆ ಪೂರ್ತಿ ಒಂದು ಸುತ್ತು, ಚಿತ್ರದಲ್ಲಿ ತೆಳ್ಳನೆಯ ಚಕ್ರ ಬರುತ್ತದೆ, ವಿಮಾನಕ್ಕೆ ಜೀವ ಬರುತ್ತದೆ. ಆಗ ಕೈ ಅಲುಗಿ ಚಿತ್ರವೇ ಮಸುಕಾಗುವ ಭಯ. ಅದಕ್ಕೆ ವಿಮಾನದ ಜತೆಗೇ ಸೊಂಟದಿಂದ ತಿರುಗುತ್ತ ಒತ್ತಬೇಕು, ಒತ್ತಿದ ಮೇಲೂ ತಿರುಗುತ್ತಿರಬೇಕು.

ಇದನ್ನು ಕಲಿಯಲು ನಿನಗೆ ಕುಣಿಗಲ್ಲಿಗಿಂತ ಒಳ್ಳೆಯ ಊರು ಎಲ್ಲಿ ಸಿಗಬೇಕು? ಟಿಪ್ಪುವಿನ ಕಾಲದಿಂದ ಕುದುರೆ ಸಾಕಿದ ಊರು ಅದು. ಅಲ್ಲಿನ ಕುದುರೆ ಫಾರಂ ಒಳಗೆ ಹೋಗಬೇಕಿದ್ದರೆ ಅನುಮತಿ ಕೇಳು, ಕೊಡದಿದ್ದರೆ ದೂರದಿಂದ ಕಂಡಷ್ಟೇ ಸಾಕು. ಕುದುರೆ ಓಡುವಾಗ ನಾಲ್ಕೂ ಕಾಲು ಒಮ್ಮೆಗೇ ನೆಲ ಬಿಡುತ್ತವೆಯೇ ಎಂಬುದು ಒಂದು ಕಾಲದಲ್ಲಿ ದೊಡ್ಡ ಜಿಜ್ಞಾಸೆ. 1878ರ ಜೂನ್‌ನಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಮೈಬ್ರಿಜ್ ಎಂಬ ಛಾಯಾಗ್ರಾಹಕ ಸಾಲಾಗಿ 12 ಕ್ಯಾಮೆರಾ ಇಟ್ಟು, ಓಡುವ ಕುದುರೆಯೇ ದಾರ ಹರಿದು ಶಟರ್ ಒತ್ತುವ ಹಾಗೆ ಮಾಡಿದ. ನಾಲ್ಕೂ ಕಾಲು ನೆಲ ಬಿಟ್ಟಿದ್ದವು. ಆದರೆ ಚಿತ್ರಕಾರರು ಬರೆಯುತ್ತಿದ್ದಂತೆ ಹಿಂದೆ ಮುಂದೆ ಚಾಚಿರಲಿಲ್ಲ, ಹೊಟ್ಟೆಯ ಕೆಳಗೆ ಮಡಿಚಿದ್ದವು. ದಿನಾ ಕುದುರೆ ನೋಡುವವರ ಕಣ್ಣಿಗೂ ಸಿಗದ್ದು ಕ್ಯಾಮೆರಾಕ್ಕೆ ಸಿಕ್ಕಿತು. ನೀನೂ ಹೀಗೊಂದು ಪ್ರಶ್ನೆ ಇಟ್ಟುಕೊಂಡು ಹೊರಡು. ಕುಣಿಗಲ್ ದೊಡ್ಡಕೆರೆಯಲ್ಲಿ ನೀರಿಗಿಳಿಯುವ ಬಾತು ಯಾವ ಕ್ಷಣದಲ್ಲಿ ಕಾಲು ಚಾಚುತ್ತದೆ, ರೆಕ್ಕೆಯನ್ನು ಹೇಗೆ ತಡೆಗೋಡೆ ಮಾಡುತ್ತದೆ ನೋಡು. ವಿಮಾನ ಇಳಿಸುವುದನ್ನು ನಾನು ಅರ್ಧ ಹಕ್ಕಿಗಳಿಂದಲೇ ಕಲಿತೆ.

ತೇಜಸ್ವಿಯವರನ್ನು ಓದಿದ್ದೀಯಲ್ಲ. ಮೂಡಿಗೆರೆಯಲ್ಲಿ ಹಕ್ಕಿಗಳಿಗಾಗಿ ಕಾದು ಕೂತವರೂ ಅವರೇ, ಸ್ಕೂಟರ್ ಬಿಚ್ಚಿ ಹರಡಿಕೊಂಡು ಕೂತವರೂ ಅವರೇ. ನನಗೆ ಆ ಎರಡೂ ಒಂದೇ ಗುಣವೆಂದು ತೋರುತ್ತದೆ.

ಕೆಲವು ಕಡೆ ಮಾತ್ರ ನಿನ್ನ ಖುಷಿಗೆ ನೀನೇ ಬೇಲಿ ಹಾಕಿಕೊಳ್ಳಬೇಕು. ಕಾಲೇಜಿನ ಗೆಳೆಯರ ಜತೆ ಗುಬ್ಬಿ ಕಡೆ ಹೋಗಿ ಹಾರಿಸುವ ಯೋಚನೆಯಿದೆಯೆಂದು ನಿಮ್ಮಮ್ಮ ಹೇಳಿದಳು. ನಾವು ಹಾರಿಸಿದ ಕಾಲದ ಗುಬ್ಬಿಯಲ್ಲ ಅದು. ಬಿದರೆಹಳ್ಳ ಕಾವಲಿನಲ್ಲಿ 615 ಎಕರೆಯಲ್ಲಿ ಎಚ್‌ಎಎಲ್‌ನ ಹೆಲಿಕಾಪ್ಟರ್ ಕಾರ್ಖಾನೆ ಎದ್ದಿದೆ, 2023ರ ಫೆಬ್ರುವರಿಯಲ್ಲಿ ಉದ್ಘಾಟನೆಯಾಯಿತು. 2021ರ ಡ್ರೋನ್ ನಿಯಮಗಳ ಪ್ರಕಾರ ಎಲ್ಲಿ ಹಾರಿಸಬಹುದು, ಎಲ್ಲಿ ಕೂಡದೆಂದು ಹಸಿರು, ಹಳದಿ, ಕೆಂಪು ಬಣ್ಣದಲ್ಲಿ ತೋರಿಸುವ ನಕ್ಷೆ ಡಿಜಿಟಲ್ ಸ್ಕೈಯಲ್ಲಿದೆ. ಅದನ್ನು ನೋಡದೆ ಎಲ್ಲಿಯೂ ಹಾರಿಸಬೇಡ. ಹಸಿರು ಜಾಗದಲ್ಲೂ 400 ಅಡಿ ಮೀರಬೇಡ, ಕಣ್ಣಿಗೆ ಕಾಣದಷ್ಟು ದೂರ ಬಿಡಬೇಡ. ಎಲ್ಲಿದ್ದರೂ ಹೆಲಿಕಾಪ್ಟರ್ ಸದ್ದು ಕಿವಿಗೆ ಬಿದ್ದ ಕೂಡಲೇ ನಿನ್ನದನ್ನು ಇಳಿಸು. ಅದರೊಳಗೆ ಮನುಷ್ಯರಿರುತ್ತಾರೆ. ಕಾರ್ಖಾನೆಯ ಬೇಲಿಯತ್ತ ಕ್ಯಾಮೆರಾ ತಿರುಗಿಸಲೂಬೇಡ.

ಹಾಗೆಯೇ ಶಿರಾ ಕಡೆ ಕಗ್ಗಲಡಿಗೆ ಹೋದಾಗ ವಿಮಾನವನ್ನು ಚೀಲದಿಂದ ಹೊರಗೆ ತೆಗೆಯಬೇಡ. ಊರ ನಡುವಿನ ಹುಣಸೆಮರಗಳಲ್ಲಿ ಬಣ್ಣದ ಕೊಕ್ಕರೆಗಳು ಗೂಡು ಕಟ್ಟುತ್ತವೆ, ಆ ಊರಿನವರು ಅವನ್ನು ಮನೆಮಕ್ಕಳಂತೆ ಕಾಯುತ್ತಾರೆ. ಗೂಡಿನ ಹತ್ತಿರ ಹೋದರೆ ತಾಯಿ ಏಳುತ್ತದೆ, ಮೊಟ್ಟೆ ಬಿಸಿಲಿಗೆ ಬೀಳುತ್ತದೆ. ನಮ್ಮ ತುಮಕೂರಿನ ನಾಗವಲ್ಲಿಯ ಕಾಡುಪಾಪಗಳ ಮೇಲೂ ಫ್ಲ್ಯಾಷ್ ಹೊಡೆಯಬೇಡ. ಕತ್ತಲಲ್ಲಿ ನೋಡಲೆಂದೇ ಆದ ದೊಡ್ಡ ಕಣ್ಣು ಅವುಗಳದು. ಚಿತ್ರ ಸಿಗದಿದ್ದರೆ ಸಿಗಲಿಲ್ಲ, ನೀನು ನೋಡಿದೆಯಲ್ಲ, ಮನೆಗೆ ಬಂದು ನನಗೆ ಹೇಳು.

ನಿನ್ನ ಬ್ಯಾಟರಿ ಊದಿಕೊಂಡಿದೆ. ಅದನ್ನು ಬಿಚ್ಚಿ ಮರಳು ತುಂಬಿದ ಬಕೆಟ್ಟಿನಲ್ಲಿ ಹಾಕಿ ಅಂಗಳದಲ್ಲಿಟ್ಟಿದ್ದೇನೆ. ಬಿದ್ದ ಲಿಥಿಯಂ ಬ್ಯಾಟರಿಯನ್ನು ಮತ್ತೆ ಚಾರ್ಜಿಗೆ ಹಾಕುವಂತಿಲ್ಲ, ಬೆಂಕಿ ಹತ್ತಬಹುದು. ಒಳ್ಳೆಯದನ್ನೂ ರಾತ್ರಿ ಚಾರ್ಜಿಗೆ ಹಾಕಿ ಮಲಗಬೇಡ. ಹೊಸದಾಗಿ ಕೊಳ್ಳಬೇಕಾದ್ದು ಇದೊಂದೇ, ಅದರ ದುಡ್ಡು ನಾನು ಕೊಡುತ್ತೇನೆ. ಮೋಟಾರು, ಎರಡೂ ಸರ್ವೋ ಸರಿಯಾಗಿವೆ, ನೋಡಿದ್ದೇನೆ.

ಶನಿವಾರ ಬೆಳಿಗ್ಗೆ ಬಾ. ರೆಕ್ಕೆಯೊಳಗೆ ಕೂರಿಸಲು ಬಿದಿರು ಕಡ್ಡಿ ಸೀಳಿ ಒಣಗಿಸಿದ್ದೇನೆ. ಈ ಸಲ ರೆಕ್ಕೆಯನ್ನು ಸ್ಕ್ರೂ ಹಾಕಿ ಬಿಗಿಯುವುದು ಬೇಡ, ರಬ್ಬರ್‌ಬ್ಯಾಂಡಿನಿಂದ ಕಟ್ಟೋಣ, ಬಿದ್ದರೆ ಮುರಿಯದೆ ಕಳಚಿಕೊಳ್ಳುತ್ತದೆ. ಕ್ಯಾಮೆರಾ ಮರೆಯಬೇಡ. ಚೂರುಗಳು ಬೆಡ್‌ಶೀಟಿನ ಮೇಲೇ ಇವೆ, ನಿಮ್ಮಜ್ಜಿ ಆ ಕೋಣೆಯ ಕಸ ಗುಡಿಸುವುದನ್ನೂ ನಿಲ್ಲಿಸಿದ್ದಾಳೆ. ಜೋಡಿಸಿ ನೋಡಿದರೆ ಎಡರೆಕ್ಕೆಯ ಹಿಂದಿನ ಅಂಚಿನಲ್ಲಿ ಅಂಗೈಯಗಲದ ಒಂದು ಚೂರು ಕಡಿಮೆ ಬರುತ್ತದೆ. ಅದು ಗದ್ದೆಯಲ್ಲೇ ಎಲ್ಲೋ ಉಳಿದಿದೆ. ಬರುವ ಮುಂಚೆ ಬದುವಿನ ಉದ್ದಕ್ಕೂ ಒಮ್ಮೆ ಹುಡುಕಿಕೊಂಡು ಬಾ, ಮಳೆ ಬರುವ ಹಾಗಿದೆ.

ನಿನ್ನ ತಾತ